ಹಾಡೋನ ರಜೆ, ವಿಮರ್ಶಕರ ಕೇಸ್ ಶೀಟ್ (ನೈಟ್ ಡ್ಯೂಟಿ ಬರಹ – 17)

ಹೋದ ಸಲ ರೋಟಾ ಜಗಳದ ಬಗ್ಗೆ ಬರೆದಿದ್ದೆ, ಈ ಸಲ ರಾಕ್ ಬ್ಯಾಂಡ್ ಬಗ್ಗೆ. ನಗಬೇಡಿ. ರಾಕ್ ಅಂದ್ರೆ ನನಗೆ ಬಿಎಸ್ಸಿ ಓದುವಾಗ ಹಾಸ್ಟೆಲಿನ ಪಕ್ಕದ ಮನೆಯವರು ಸ್ಪೀಕರ್ ಒಡೆದು ಹೋಗೋ ಹಾಗೆ ಹಾಕ್ತಿದ್ದ ಗಲಾಟೆ ಅಷ್ಟೇ ಆಗಿತ್ತು. ಲಂಡನ್ನಿಗೆ ಬಂದ ಮೇಲೆ, 2022ರ ಫೆಬ್ರವರಿಯ ಒಂದು ರಾತ್ರಿ ಬ್ರೇಕ್ ರೂಮಲ್ಲಿ ನಮ್ಮ ವಾರ್ಡಿನ ಹೆಲ್ತ್‌ಕೇರ್ ಅಸಿಸ್ಟೆಂಟ್ ಹುಡುಗ ತನ್ನ ಇಯರ್‌ಫೋನಿನ ಒಂದು ತುದಿ ನನ್ನ ಕೈಗೆ ಕೊಟ್ಟ. "ಸುಮ್ನೆ ಕೇಳಿ, ಇದು ಈ ವಾರ ಬಂದಿದ್ದು" ಅಂದ. ಪಿಟೀಲು, ಸ್ಯಾಕ್ಸೋಫೋನ್, ಕೀಬೋರ್ಡು, ಅದರ ನಡುವೆ ಒಬ್ಬ ಹುಡುಗನ ನಡುಗೋ ದನಿ. ನನ್ನ ಟೀ ಆರಿ ಹೋಯ್ತು.

ಬ್ಯಾಂಡಿನ ಹೆಸರು ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್. ಆಗ ಏಳು ಜನ. 2021ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಂ 'ಫಾರ್ ದ ಫಸ್ಟ್ ಟೈಮ್' ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೆ ಸೇರಿತ್ತು. ನಾನು ಕೇಳಿದ್ದು ಎರಡನೇದು, 'ಆಂಟ್ಸ್ ಫ್ರಂ ಅಪ್ ದೇರ್'. ಅದು ಬಿಡುಗಡೆ ಆಗಿದ್ದು ಫೆಬ್ರವರಿ 4ಕ್ಕೆ. ಅದಕ್ಕೆ ನಾಲ್ಕು ದಿನ ಮುಂಚೆ, ಜನವರಿ 31ಕ್ಕೆ, ಹಾಡೋ ಐಸಾಕ್ ವುಡ್ ಬ್ಯಾಂಡ್ ಬಿಡ್ತೀನಿ ಅಂತ ತಿಳಿಸಿದ. ಕಾರಣ ಮುಚ್ಚಿಡಲಿಲ್ಲ: ದುಃಖ, ಹೆದರಿಕೆ, ಗಿಟಾರ್ ನುಡಿಸ್ತಾ ಹಾಡೋದೇ ಕಷ್ಟವಾಗ್ತಿದೆ ಅಂದ. ಉಳಿದ ಆರು ಜನರ ಮೇಲೆ ಒಂದು ದೂರೂ ಇಲ್ಲ, ಬಾಯ್ತುಂಬ ಹೊಗಳಿದ್ದ. ಅವರೂ ಪ್ರವಾಸದ ಕಾರ್ಯಕ್ರಮ ರದ್ದು ಮಾಡಿದರು, ಅವನಿಲ್ಲದೆ ಅವನ ಹಾಡುಗಳನ್ನ ಹಾಡಲ್ಲ ಅಂದರು.

ಆಲ್ಬಂ ಬ್ರಿಟನ್ ಚಾರ್ಟಿನಲ್ಲಿ ಮೂರನೇ ಜಾಗಕ್ಕೆ ಹೋಯ್ತು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆಗೆ ನನ್ನ ತಕರಾರಿಲ್ಲ. ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಶುರುವಾಗ್ತಿದ್ದದ್ದು ಅವನು ಬಿಟ್ಟು ಹೋದ ಸುದ್ದಿಯಿಂದ, ನನಗೆ ಚುಚ್ಚಿದ್ದು ಅದು. ಆಮೇಲೆ ಒಂದೊಂದು ಹಾಡನ್ನೂ ಎತ್ತಿ ಬೆಳಕಿಗೆ ಹಿಡಿದು 'ನೋಡಿ, ಇಲ್ಲೇ ಸುಳಿವಿತ್ತು' ಅನ್ನೋ ಧಾಟಿ. ಕಾಂಕಾರ್ಡ್ ವಿಮಾನದ ಹೆಸರಿನ ಹಾಡಿದೆ, ಸರಿ, ಅದು ಅವನ ಪತನದ ಗುರುತು. ಕೊನೆಯಲ್ಲಿ ಹನ್ನೆರಡು ನಿಮಿಷಕ್ಕೂ ಉದ್ದದ 'ಬ್ಯಾಸ್ಕೆಟ್‌ಬಾಲ್ ಶೂಸ್' ಇದೆ, ಸರಿ, ಅದು ವಿದಾಯ ಪತ್ರ.

ಆದ್ರೆ ಆ ಹಾಡನ್ನ ಅವರು ಆಲ್ಬಂಗೆ ಎಷ್ಟೋ ಮುಂಚೆಯಿಂದ ವೇದಿಕೆ ಮೇಲೆ ನುಡಿಸ್ತಿದ್ದರು. ಇಡೀ ಆಲ್ಬಂ ರೆಕಾರ್ಡ್ ಆಗಿದ್ದು 2021ರ ಬೇಸಿಗೆಯಲ್ಲಿ, ಐಲ್ ಆಫ್ ವೈಟ್ ದ್ವೀಪದಲ್ಲಿ. ಏಳು ಜನ ಸೇರಿ ಕಟ್ಟಿದ ಕೆಲಸ ಅದು. ಜನವರಿಯಲ್ಲಿ ಬಂದ ಒಂದು ಪತ್ರ ಓದ್ಕೊಂಡು ಹಿಂದಿನ ಬೇಸಿಗೆಯ ಹಾಡಿಗೆ ಡಯಾಗ್ನೋಸಿಸ್ ಬರೆಯೋದು ಯಾವ ನ್ಯಾಯ?

ನಮಗೆ ಮೊದಲ ವರ್ಷದಲ್ಲೇ ಕಲಿಸ್ತಾರೆ. ಕೇಸ್ ಶೀಟಲ್ಲಿ 'ಪೇಷಂಟ್ ಖಿನ್ನರಾಗಿದ್ದಾರೆ' ಅಂತ ಬರೆಯೋ ಹಾಗಿಲ್ಲ. ಊಟ ಅರ್ಧ ಬಿಟ್ಟರು, ಗೋಡೆ ಕಡೆ ತಿರುಗಿ ಮಲಗಿದ್ದರು, ಕೇಳಿದಾಗ ಇಂಥ ಮಾತು ಹೇಳಿದರು. ಕಂಡಿದ್ದು, ಕೇಳಿದ್ದು, ಅಷ್ಟೇ. ಉಳಿದದ್ದು ಡಾಕ್ಟರ ಕೆಲಸ, ಅದೂ ಎದುರು ಕೂತು ಮಾತಾಡಿದ ಮೇಲೆ.

ನನಗೆ ಇದು ಯಾಕಿಷ್ಟು ತಾಗ್ತು ಅಂದ್ರೆ, ನಾನೂ ಹೋಗಿದ್ದೆ ರಜೆ. ಕೋವಿಡ್ಡಿನ ಎರಡನೇ ಚಳಿಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡು ಬಸ್ ಸ್ಟಾಪಲ್ಲಿ ನಿಂತೆ, ಮೂರು ಬಸ್ ಬಂದು ಹೋದವು, ಹತ್ತೋಕಾಗಲಿಲ್ಲ. ಇಲ್ಲಿ ಏಳು ದಿನ ನಾವೇ ಬರೆದುಕೊಡಬಹುದು, ಆಮೇಲೆ ಫಿಟ್ ನೋಟ್ ಬೇಕು. ನನಗೆ ಐದು ವಾರ ಸಿಕ್ತು. ವೀಸಾ ಕೆಲಸಕ್ಕೆ ಕಟ್ಟಿಹಾಕಿರೋರಿಗೆ ಆ ಐದು ವಾರ ಹೇಗಿರುತ್ತೆ ಅಂತ ಇದನ್ನ ಓದ್ತಿರೋ ಅರ್ಧ ಜನಕ್ಕೆ ಗೊತ್ತು. ಅಪ್ಪ ಹಾಸನದಿಂದ ಫೋನಲ್ಲಿ "ಯಾರಿಗೂ ಹೇಳ್ಬೇಡ ಮಗಳೇ, ಸಂಬಂಧಿಕರಿಗಂತೂ ಬೇಡ" ಅಂದರು.

ವಾಪಸ್ ಹೋದ ಮೇಲೆ ನಾನು ಬರೀ ನರ್ಸ್ ಆಗಿರಲಿಲ್ಲ, 'ಸ್ಟ್ರೆಸ್ಸಲ್ಲಿ ರಜೆ ಹೋಗಿದ್ದವಳು' ಆಗಿದ್ದೆ. ಊಟಕ್ಕೆ ಒಬ್ಬಳೇ ಕೂತ್ರೆ ಅದರಿಂದ. ಹ್ಯಾಂಡೋವರಲ್ಲಿ ಒಂದು ಪ್ರಶ್ನೆ ಜಾಸ್ತಿ ಕೇಳಿದ್ರೆ ಅದರಿಂದ. ಒಂದು ದಿನ ಡ್ರಿಪ್ ರೇಟ್ ತಪ್ಪಿರೋದನ್ನ ನಾನೇ ಹಿಡಿದೆ, ಅದಕ್ಕೂ ಮ್ಯಾನೇಜರ್ "ತುಂಬಾ ಆತಂಕ ಪಡ್ತಿಲ್ಲ ತಾನೇ?" ಅಂದರು. ಕೆಟ್ಟವರಲ್ಲ, ಕಾಳಜಿಯಿಂದಲೇ ಕೇಳಿದ್ದು. ಆದ್ರೆ ನಾನು ಮಾಡಿದ ಒಳ್ಳೇ ಕೆಲಸವೂ ನನ್ನ ಕಾಯಿಲೆಯ ಖಾತೆಗೇ ಜಮಾ ಆಯ್ತಲ್ಲ.

ಉಳಿದ ಆರು ಜನಕ್ಕೂ ಆಗಿದ್ದು ಹೆಚ್ಚೂ ಕಡಿಮೆ ಇದೇ. ವಾರ್ಡಲ್ಲಿ ಒಬ್ಬರು ಸಿಕ್ ಆದ್ರೆ ಇದ್ದೋರೇ ಬೆಡ್ ಹಂಚಿಕೊಳ್ಳೋ ಹಾಗೆ ಅವರು ಹಾಡು ಹಂಚಿಕೊಂಡರು. ಹಳೇದು ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದರಿಂದ ಹೊಸದನ್ನ ಬರೆದರು, 2022ರ ಡಿಸೆಂಬರಲ್ಲಿ ಲಂಡನ್ನಿನ ಬುಷ್ ಹಾಲಲ್ಲಿ ಅದನ್ನೇ ನುಡಿಸಿ ಮುಂದಿನ ವರ್ಷ ಲೈವ್ ಆಲ್ಬಂ ಮಾಡಿದರು. ಆಮೇಲೆ 2025ರ ಏಪ್ರಿಲ್ 4ಕ್ಕೆ 'ಫಾರೆವರ್ ಹೌಲಾಂಗ್'. ಹಾಡೋರು ಮೂರು ಹೆಣ್ಣುಮಕ್ಕಳು: ಜಾರ್ಜಿಯಾ ಎಲರಿ, ಟೈಲರ್ ಹೈಡ್, ಮೇ ಕರ್ಶಾ. ವಿಮರ್ಶೆ ಒಟ್ಟಾರೆ ಚೆನ್ನಾಗೇ ಬಂತು. ಆದ್ರೂ 'ಅವನಿಲ್ಲದೆ' ಅನ್ನೋ ಮಾತು ಬಿಟ್ಟು ಬರೆದವರು ನನ್ನ ಕಣ್ಣಿಗೆ ಬಿದ್ದಿದ್ದು ಕಡಿಮೆ. ಮೂರು ವರ್ಷ ಕಳೆದರೂ ಖಾಲಿ ಬೆಡ್ಡಿಗೇ ಮೊದಲ ರೌಂಡ್ಸ್!

ಹಾಗಂತ ಈ ಆಲ್ಬಂನ ತಲೆ ಮೇಲೆ ಹೊತ್ತುಕೊಂಡು ಕುಣೀತಿಲ್ಲ ನಾನು. 'ಬೆಸ್ಟೀಸ್' ಶುರುವಾದ್ರೆ ಮನೆ ಗುಡಿಸೋ ಕೆಲಸ ತಾನಾಗೇ ಆಗುತ್ತೆ, ಅಷ್ಟು ಹುರುಪು. ಹೆಸರಿನ ಹಾಡಲ್ಲಿ ಇಲ್ಲಿನ ಶಾಲೆ ಮಕ್ಕಳು ಕಲಿಯೋ ರೆಕಾರ್ಡರ್ ಅನ್ನೋ ಕೊಳಲುಗಳು ಒಟ್ಟಿಗೆ ಊದ್ತವೆ, ಮೇ ಅದರ ಮೇಲೆ ಮೆಲ್ಲಗೆ ಹಾಡ್ತಾಳೆ. ಅಂಥದ್ದು ನಾನು ಬೇರೆಲ್ಲೂ ಕೇಳಿಲ್ಲ. ನಡುವಿನ ಒಂದೆರಡು ಹಾಡು ಮಾತ್ರ ಅಲಂಕಾರ ಜಾಸ್ತಿಯಾಗಿ ಜಾರಿ ಹೋಗ್ತವೆ. ಸಿಹಿ ಹೆಚ್ಚಾಯ್ತು ಅಂತ ದೂರಿದವರ ಮಾತು ಪೂರ್ತಿ ಸುಳ್ಳಲ್ಲ. ಹಾಗೆ ಬರೀರಿ, ಧಾರಾಳವಾಗಿ ಬರೀರಿ. ಈ ಹಾಡು ಯಾಕೆ ನಿಲ್ಲಲಿಲ್ಲ ಅಂತ ಈ ಹಾಡನ್ನೇ ಕೇಳಿ ಹೇಳಿ.

ನಮ್ಮ ಹುಡುಗ ಇದನ್ನ ಒಪ್ಪಲ್ಲ. "ಅವನ ನೋವೇ ಆ ದನಿ. ಅದನ್ನ ಮರೆತು ಹೇಗೆ ಕೇಳ್ತೀರಾ?" ಅಂತಾನೆ. ಅವನಿಗೆ ಕೊಡೋ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಕೇಳೋಕಾಗಲ್ಲ, ನಿಜ. 'ಸ್ನೋ ಗ್ಲೋಬ್ಸ್' ಕೇಳುವಾಗ ನನಗೂ ಆ ಬಸ್ ಸ್ಟಾಪ್ ನೆನಪಾಗುತ್ತೆ. ಆದ್ರೆ ಆ ನೆನಪು ನಂದು. ಅದನ್ನ ಅವನ ಕೇಸ್ ಶೀಟಿಗೆ ಬರೆಯೋ ಅಧಿಕಾರ ನನಗಿಲ್ಲ.

ಈ ಹುಡುಗ ಇವತ್ತಿಗೂ ಮೊದಲೆರಡು ಆಲ್ಬಂ ದಾಟಿಲ್ಲ. ನಿನ್ನೆ ರಾತ್ರಿ ಬ್ರೇಕಲ್ಲಿ ಈ ಸಲ ನಾನೇ ಇಯರ್‌ಫೋನಿನ ಒಂದು ತುದಿ ಅವನ ಕೈಗೆ ಕೊಟ್ಟೆ, ಆ ಕೊಳಲಿನ ಹಾಡು ಹಾಕಿದೆ. ಮುಖ ಸಿಂಡರಿಸಿಕೊಂಡೇ ಕೇಳ್ತಿದ್ದ, ಆದ್ರೆ ತೆಗೀಲಿಲ್ಲ. ಅರ್ಧದಲ್ಲಿ ಹನ್ನೊಂದನೇ ಬೆಡ್ಡಿನ ಅಜ್ಜಿ ಬೆಲ್ ಒತ್ತಿದರು. ಎದ್ದು ಹೋಗ್ತಾ "ಪಾಸ್ ಮಾಡಿಡಿ, ಬರ್ತೀನಿ" ಅಂದ.