ಹಗಲು ಕರೆಂಟ್ ಕೊಡಿ, ಶರಾವತಿಯನ್ನು ಬಿಡಿ

ರಾತ್ರಿ ಸೂರ್ಯನಿಲ್ಲ, ಅದಕ್ಕಾಗಿ ವಿದ್ಯುತ್ ಕೂಡಿಡಲು ಶರಾವತಿ ಕಣಿವೆಯ ಬೆಟ್ಟ ಕೊರೆಯಲೇಬೇಕು ಎಂಬ ಸರ್ಕಾರದ ವಾದವನ್ನು ಇನ್ನೆಷ್ಟು ದಿನ ಕೇಳಿಸಿಕೊಳ್ಳಬೇಕು? ಈ ಮಾತನ್ನು ಚಿಕ್ಕಮಗಳೂರು ಜಿಲ್ಲೆಯ ಅಂತರಘಟ್ಟೆಗೆ ಬಂದು ಹೇಳಿ. ಇಲ್ಲಿನ ತೆಂಗು, ಅಡಿಕೆ ಬದುಕಿರುವುದು ಬೋರ್‌ವೆಲ್ ನೀರಿನಲ್ಲಿ. ತೋಟಕ್ಕೆ ರಾತ್ರಿಯೇ ನೀರು ಬೇಕೆಂದು ಯಾವ ರೈತ ಕೇಳಿದ್ದ? ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕೊಟ್ಟು, ಟಾರ್ಚ್ ಹಿಡಿದು ಹಾವು, ಚಿರತೆಯ ಭಯದಲ್ಲಿ ಸ್ಟಾರ್ಟರ್ ಒತ್ತಲು ಅವನನ್ನು ಓಡಿಸಿದವರು ನೀವು.

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ರಾಜ್ಯ ಬಳಸುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಅವುಗಳಿಗೇ ಹೋಗುತ್ತದೆ. ಇಷ್ಟು ದೊಡ್ಡ ಬೇಡಿಕೆಯನ್ನು ಬಿಸಿಲಿರುವ ಹೊತ್ತಿಗೆ ತಂದರೆ ಸಂಜೆಯ ಹೊರೆ ಇಳಿಯುವುದಿಲ್ಲವೇ? ಹಗಲು ಎತ್ತಿದ ನೀರು ಕೃಷಿ ಹೊಂಡದಲ್ಲಿ ನಿಲ್ಲುತ್ತದೆ, ಬೇರಿನಲ್ಲಿ ನಿಲ್ಲುತ್ತದೆ. ಅದಕ್ಕೆ ಬ್ಯಾಟರಿಯೂ ಬೇಡ, ಸುರಂಗವೂ ಬೇಡ. ಮಳೆಗಾಲದ ಮೋಡದ ನೆಪ ಹೇಳಬೇಡಿ: ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಆಗಲೇ, ಪಂಪಿಗೆ ಕೆಲಸ ಕಡಿಮೆಯಾಗುವುದೂ ಆಗಲೇ.

ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ ಫೀಡರಿಗೆ ಕರೆಂಟ್ ಕೊಡುವ ಅವಕಾಶ ಕೇಂದ್ರದ ಕುಸುಮ್ ಯೋಜನೆಯಲ್ಲಿ 2020ರಲ್ಲೇ ಬಂತು. ಆದರೂ 2023ರ ಬರದಲ್ಲಿ, ಏಳು ಗಂಟೆ ಕೊಡುತ್ತೇವೆಂದ ಕರೆಂಟ್ ಐದಕ್ಕೆ ಇಳಿದು ರೈತರು ಬೀದಿಗಿಳಿದರು. ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟ್ ಫಲಕ ಹಾಸಬಲ್ಲ ಸರ್ಕಾರಕ್ಕೆ ಹಳ್ಳಿಯ ಫೀಡರ್ ಮಾತ್ರ ಕಾಣುವುದಿಲ್ಲ.

ಸರ್ಕಾರದ ಕಣ್ಣಿರುವುದು 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಮೇಲೆ. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ತೋಡಿ, ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ವಿದ್ಯುತ್ ತೆಗೆಯಲು ಮತ್ತೆ ಕೆಳಗೆ ಬಿಡುವುದು. ಹೀಗೆ ಎತ್ತಲು ಸುರಿದ ವಿದ್ಯುತ್ತಿನಲ್ಲಿ ಐದನೇ ಒಂದು ಭಾಗದಷ್ಟು ಮರಳಿ ಸಿಗುವುದೇ ಇಲ್ಲ. ಇದೇ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ 1960ರ ದಶಕದಲ್ಲಿ ಮನೆ ಬಿಟ್ಟವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ಪಹಣಿ ಕೊಡಲಾಗದವರು ಮತ್ತೆ ಅಲ್ಲಿಗೇ ಯಾವ ಮುಖ ಹೊತ್ತು ಹೋಗುತ್ತಾರೆ?

ಕಡೂರು, ತರೀಕೆರೆ, ಅಜ್ಜಂಪುರದ ಯಾವ ಫೀಡರಿಗೆ ಯಾವ ವರ್ಷದೊಳಗೆ ಹಗಲಲ್ಲೇ ಏಳು ಗಂಟೆ ಕರೆಂಟ್ ಬರುತ್ತದೆ ಎಂಬ ಪಟ್ಟಿಯನ್ನು ಇಲ್ಲಿನ ವಿದ್ಯುತ್ ಕಂಪನಿ ಮೆಸ್ಕಾಂ ಮೊದಲು ಪ್ರಕಟಿಸಲಿ. ಅಲ್ಲಿಯವರೆಗೆ ಶರಾವತಿಯಲ್ಲಿ ಒಂದು ಮರಕ್ಕೂ ಕೊಡಲಿ ತಾಕಬಾರದು.