ಹಂಚು ಹೊತ್ತ ಹಾಯಿ

ಗೂಳೂರಿನ ಕೆರೆಯನ್ನೇ ಮಹಾಸಾಗರವೆಂದು ಬಗೆದು ಬೆಳೆದವನು ನಾನು. ಈಚೆಗೆ ಮೂವರು ಗೆಳೆಯರೊಡನೆ ಅಲಿಬಾಗಿನ ಬಳಿಯ ಮಾಂಡವಾದಿಂದ ಮುಂಬಯಿಗೆ ಯಂತ್ರದ ದೋಣಿಯಲ್ಲಿ ಹೊರಟೆ. ಸುಮಾರು ಒಂದು ಗಂಟೆಯಲ್ಲಿ, 1924ರಲ್ಲಿ ಕಟ್ಟಿ ಮುಗಿಸಿದ ಗೇಟ್‌ವೇ ಕಮಾನು ಎದುರಿಗೆ ಕಾಣಿಸಿತು. ನಾವು ಹಿಗ್ಗಿದೆವು, ಮಂಗಳೂರಿನ ಗೆಳೆಯ ಮಾತ್ರ ಮೌನಿಯಾದ.

ಅವನ ಅಜ್ಜ ಹಾಯಿಯ ಮಂಜಿಯಲ್ಲಿ ಇದೇ ನಗರಕ್ಕೆ ಹಂಚು ತರುತ್ತಿದ್ದರಂತೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೊಡಗಿದ ಉದ್ಯಮದ ಹಂಚುಗಳು ಹೀಗೆ ಕರಾವಳಿಯುದ್ದಕ್ಕೂ ಸಾಗಿದವು. ಇರುಳು ನೆಲಗಾಳಿ, ಹಗಲು ಕಡಲಗಾಳಿ. ಗಾಳಿ ನಿಂತರೆ ಕಾಯುವುದು. ಮಳೆಗಾಲದಲ್ಲಿ ಮಂಜಿಗೆ ದಡವೇ ಗತಿ.

“ಎಷ್ಟು ಮನೆಗಳಿಗೆ ಸೂರು ತಂದರೋ! ಇಲ್ಲಿ ಒಂದು ಮನೆಯಲ್ಲೂ ಅವರು ಮಲಗಲಿಲ್ಲ, ಮಂಜಿಯಲ್ಲೇ ಇರುಳು ಕಳೆದು ಹಿಂದಿರುಗುತ್ತಿದ್ದರು” ಎಂದ.

ಊರಿಗೆ ಮರಳಿದ ರಾತ್ರಿ ನಮ್ಮ ಮನೆಯ ಹಂಚಿನ ಮಾಡನ್ನು ನೋಡುತ್ತ ಬಹಳ ಹೊತ್ತು ಎಚ್ಚರವಾಗಿದ್ದೆ.