ಕಲ್ಲು ನಗಾರಿಯ ಸದ್ದು ಫೋನಿಗೆ ಬರಲಿ

ನಮ್ಮ ಹನುಮನಹಳ್ಳಿ ಕಡೆಗೆ ಬಂದವರು ಅಂಜನಾದ್ರಿ ಹತ್ತುತ್ತಾರೆ, ಮೇಲೊಂದು ರೀಲ್ಸ್ ಮಾಡಿ ಇಳಿಯುತ್ತಾರೆ. ಇದೇ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನ ಮೋರೇರ ಬೆಟ್ಟದ ಸುದ್ದಿ ಅವರ ಕಿವಿಗೇ ಬಿದ್ದಿರುವುದಿಲ್ಲ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದ ತಾಣವದು!

ಪರಂಪರೆ ಕಾಯುವ ಸಂಸ್ಥೆಗಳ ಜಾಲತಾಣದ ಪುಟ ತೆರೆದರೆ ಬರೀ ಹಾರ, ಶಾಲು, ದೀಪ ಬೆಳಗುವ ಗಣ್ಯರು. ಯಾರು ನೋಡಬೇಕು ಇದನ್ನು? ಬದಲಿಗೆ ಬೆಟ್ಟವನ್ನೇ ತೋರಿಸಿ. ಮೋರೇರ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಶಿಲಾಯುಗದ ನಂತರದ ಸಮಾಧಿಗಳಿವೆ. ಕೆಲವಕ್ಕೆ ದುಂಡನೆಯ ಕಿಂಡಿ. ಆ ಕಾಲದಲ್ಲೇ ಅಷ್ಟು ದುಂಡಗೆ ಕೊರೆದ ಆ ಅಂಚನ್ನು ಹತ್ತಿರದಿಂದ ತೋರಿಸಿ. ಬಂಡೆಯ ಮೇಲಿನ ಕಲ್ಲು ನಗಾರಿಯನ್ನು ಪರಿಣತರ ಎದುರು ಒಮ್ಮೆ ಮೆಲ್ಲಗೆ ಬಡಿದು, ಸಿನಿಮಾ ಹಾಡು ಬೆರೆಸದೆ ಆ ಸದ್ದನ್ನಷ್ಟೇ ಕೇಳಿಸಿ. ಬಂದವರು ಬಡಿಯಬಾರದು ಎಂಬ ಮಾತೂ ಅಲ್ಲೇ ಇರಲಿ.

ಹಾಗೆಯೇ ನಮ್ಮ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಕಣ್ಣು ಬರೆಯುವ ಅರ್ಧ ನಿಮಿಷದ ವಿಡಿಯೊ ಸಾಕು, ಕಲಾವಿದರ ಹೆಸರಿನೊಂದಿಗೆ, ಕೊಪ್ಪಳದ ಮಾತಿನಲ್ಲೇ.

ಇಂಥ ವಿಡಿಯೊ ಮಾಡಲು ದೂರದ ಏಜೆನ್ಸಿ ಬೇಡ. ನಮ್ಮೂರ ಹುಡುಗ ಹುಡುಗಿಯರಿಗೆ ತರಬೇತಿ ಕೊಡಿ, ತಿಂಗಳ ಸಂಬಳ ಕೊಡಿ.